ಡೀಸೆಲ್ ಇಟ್ಕೊಳ್ಳೋದಾ, ಎಲೆಕ್ಟ್ರಿಕ್ ತಗೊಳ್ಳೋದಾ? ಗಾಳಿಯ ಲೆಕ್ಕ

ಪ್ರಶ್ನೆ: ನನ್ನ ಹತ್ರ ಹತ್ತು ವರ್ಷ ಹಳೇ ಡೀಸೆಲ್ ಕಾರ್ ಇದೆ, ಓಡಿಸೋದು ಹೆಚ್ಚಾಗಿ ಸಿಟಿ ಒಳಗೇ. ಬದಲಾಯಿಸೋಣ ಅಂತ ವಿಚಾರಿಸಿದ್ರೆ ಒಬ್ರು ಹೇಳ್ತಾರೆ ಈಗಿನ ಡೀಸೆಲ್ ಗಾಡಿಗಳು ಹೊಗೇನೇ ಬಿಡಲ್ಲ ಅಂತ, ಇನ್ನೊಬ್ರು ಹೇಳ್ತಾರೆ ಎಲೆಕ್ಟ್ರಿಕ್ ಅಂದ್ರೆ ಹೊಗೆಯನ್ನ ರಸ್ತೆಯಿಂದ ಪವರ್ ಪ್ಲಾಂಟಿಗೆ ಸಾಗಿಸೋದು ಅಷ್ಟೇ, ಅದರ ಮೇಲೆ ಬ್ಯಾಟರಿ ಮಾಡೋವಾಗ ಆಗೋ ಮಾಲಿನ್ಯ ಬೇರೆ, ಟೈರ್ ಧೂಳು ಬೇರೆ ಅಂತ. ವಾಯುಮಾಲಿನ್ಯ ನಿಜವಾಗ್ಲೂ ಕಮ್ಮಿ ಆಗೋದು ಯಾವುದರಿಂದ?

ಉತ್ತರ: ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಜನ ಓಡಾಡೋ ರಸ್ತೆಯ ಗಾಳಿ ಚೆನ್ನಾಗಿರ್ಬೇಕು ಅನ್ನೋದಾದ್ರೆ ಎಲೆಕ್ಟ್ರಿಕ್ಕೇ ಮೇಲು, ಎರಡು ಮಾತಿಲ್ಲ. ಭೂಮಿ ಬಿಸಿಯಾಗೋ ಲೆಕ್ಕ ಕೇಳಿದ್ರೆ ಮಾತ್ರ ನಿಮ್ಮ ಪ್ಲಗ್ಗಿಗೆ ಬರೋ ಕರೆಂಟ್ ಎಲ್ಲಿ ಹುಟ್ಟಿದ್ದು ಅಂತ ನೋಡ್ಬೇಕಾಗುತ್ತೆ. ಈ ವಿಷ್ಯದಲ್ಲಿ ಜನ ಕಿತ್ತಾಡೋದು ಬಹುಪಾಲು ಈ ಎರಡು ಲೆಕ್ಕಗಳನ್ನ ಕಲಸಿಬಿಡೋದ್ರಿಂದ. ಸೈಲೆನ್ಸರ್ ಪೈಪಿಂದ ಬರೋ ಕಾರ್ಬನ್ ಡೈಆಕ್ಸೈಡು ಪಕ್ಕದಲ್ಲಿ ನಡ್ಕೊಂಡು ಹೋಗ್ತಿರೋರ ಶ್ವಾಸಕೋಶಕ್ಕೆ ಏನೂ ಮಾಡಲ್ಲ, ಅದನ್ನ ಎಲ್ಲಿ ಬಿಟ್ರೂ ಭೂಮಿಗೆ ಒಂದೇ. ಮಸಿ ಮತ್ತೆ ನೈಟ್ರೋಜನ್ ಆಕ್ಸೈಡುಗಳ ಕಥೆ ಬೇರೆ, ಅವನ್ನ ಎಲ್ಲಿ ಬಿಟ್ರು, ಎಷ್ಟು ಎತ್ತರದಲ್ಲಿ ಬಿಟ್ರು, ಆ ಹೊತ್ತಿಗೆ ಅಕ್ಕಪಕ್ಕ ಎಷ್ಟು ಜನ ಇದ್ರು ಅನ್ನೋದೇ ಅಲ್ಲಿ ಎಲ್ಲಾನೂ ತೀರ್ಮಾನ ಮಾಡೋದು.

ಡೀಸೆಲ್ ಇಂಜಿನ್ನಿಗೆ ಈ ಕೆಟ್ಟ ಹೆಸರು ಸುಮ್ನೆ ಬಂದಿದ್ದಲ್ಲ, ಅದು ಕೆಲಸ ಮಾಡೋ ರೀತಿಯಲ್ಲೇ ಅದರ ಬೇರು ಇದೆ. ಪೆಟ್ರೋಲ್ ಇಂಜಿನ್ನಲ್ಲಿ ಗಾಳಿ ಇಂಧನ ಬೆರೆತ ಮೇಲೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತೆ. ಡೀಸೆಲ್ಲಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ, ಬರೀ ಗಾಳಿಯನ್ನ ಸುಮಾರು 15 ರಿಂದ 20 ಪಟ್ಟು ಅದುಮಿದಾಗ ಅದು ಎಷ್ಟು ಕಾಯುತ್ತೆ ಅಂದ್ರೆ ಇಂಜೆಕ್ಟರ್ ಸಿಂಪಡಿಸಿದ ಡೀಸೆಲ್ ತಾನಾಗೇ ಹೊತ್ಕೊಳ್ಳುತ್ತೆ. ಇದರಿಂದ ಮೈಲೇಜ್ ಚೆನ್ನಾಗಿ ಬರುತ್ತೆ, ಎಳೆಯೋ ಶಕ್ತಿನೂ ಜಾಸ್ತಿ, ಲಾರಿ ಬಸ್ಸುಗಳು ಡೀಸೆಲ್ಲಿಗೆ ಅಂಟ್ಕೊಂಡಿರೋದು ಅದಕ್ಕೇ. ಆದ್ರೆ ಸಿಂಪಡಿಸಿದ ಇಂಧನ ಗಾಳಿ ಜೊತೆ ಪೂರ್ತಿ ಬೆರೆಯೋಕೆ ಸಮಯ ಸಿಗಲ್ಲ. ಸಿಂಪಡಣೆಯ ಒಳಭಾಗದಲ್ಲಿ ಆಮ್ಲಜನಕ ಸಾಲದೆ ಮಸಿ ಹುಟ್ಟುತ್ತೆ, ಅಂಚಿನಲ್ಲಿ ಬಿಸಿನೂ ಜಾಸ್ತಿ ಆಮ್ಲಜನಕನೂ ಜಾಸ್ತಿ, ಅಲ್ಲಿ ಗಾಳಿಯಲ್ಲೇ ಇರೋ ನೈಟ್ರೋಜನ್ ಉರಿದು ನೈಟ್ರೋಜನ್ ಆಕ್ಸೈಡ್ ಆಗುತ್ತೆ, ಇದನ್ನ ನಾವು ಈ ಫೀಲ್ಡಲ್ಲಿ ನಾಕ್ಸ್ ಅಂತೀವಿ. ಇಂಜಿನಿಯರುಗಳ ತಲೆನೋವು ಏನಪ್ಪಾ ಅಂದ್ರೆ ಒಂದನ್ನ ಇಳಿಸೋಕೆ ಹೋದ್ರೆ ಇನ್ನೊಂದು ಏರುತ್ತೆ. ಉರಿ ತಣ್ಣಗಾಗ್ಲಿ ಅಂತ ಹೊಗೆಯಲ್ಲಿ ಒಂದು ಪಾಲನ್ನ ವಾಪಸ್ ಇಂಜಿನ್ನಿಗೇ ಕಳಿಸ್ತಾರೆ, ಇಜಿಆರ್ ಅನ್ನೋದು ಅದನ್ನೇ, ಆಗ ನಾಕ್ಸ್ ಕಮ್ಮಿ ಆಗುತ್ತೆ ಮಸಿ ಜಾಸ್ತಿ ಆಗುತ್ತೆ. ಚೆನ್ನಾಗಿ ಉರೀಲಿ ಅಂತ ಬಿಸಿ ಏರಿಸಿದ್ರೆ ಮಸಿ ಕಮ್ಮಿ, ನಾಕ್ಸ್ ಜಾಸ್ತಿ. ಪೆಟ್ರೋಲ್ ಕಾರಲ್ಲಿ ಹೊಗೆ ಶುದ್ಧ ಮಾಡೋಕೆ ಇರೋ ಥ್ರೀ ವೇ ಕ್ಯಾಟಲಿಸ್ಟ್ ಇಲ್ಲಿ ನಾಕ್ಸನ್ನ ಹಿಡಿಯಲ್ಲ, ಯಾಕಂದ್ರೆ ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿರುತ್ತೆ, ಅದಿರುವಾಗ ಆ ಕ್ಯಾಟಲಿಸ್ಟಿಗೆ ನಾಕ್ಸನ್ನ ಒಡೆಯೋಕೆ ಆಗಲ್ಲ.

ಆರೋಗ್ಯದ ವಿಷ್ಯ ಜಾಸ್ತಿ ಎಳೆಯಲ್ಲ, ಎಲ್ರಿಗೂ ಗೊತ್ತಿರೋದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಡೀಸೆಲ್ ಹೊಗೆಯನ್ನ 'ಬಹುಶಃ ಕ್ಯಾನ್ಸರ್ ತರುತ್ತೆ' ಅನ್ನೋ ಪಟ್ಟಿಯಲ್ಲಿ ಇಟ್ಟಿತ್ತು, 2012ರಲ್ಲಿ ಆ ಬಹುಶಃ ತೆಗೆದು ಖಚಿತವಾಗಿ ಕ್ಯಾನ್ಸರ್ ತರೋ ವಸ್ತುಗಳ ಮೊದಲ ಗುಂಪಿಗೆ ಹಾಕಿತು. ಮಸಿಯ ಕಣಗಳು ಎಷ್ಟು ಸಣ್ಣ ಅಂದ್ರೆ ಬಹುತೇಕ ಕಣಗಳ ಗಾತ್ರ 100 ನ್ಯಾನೋಮೀಟರಿಗಿಂತ ಕಮ್ಮಿ, ಮೂಗಿನ ಕೂದಲಾಗ್ಲಿ ಗಂಟಲಾಗ್ಲಿ ಅದನ್ನ ತಡೆಯಲ್ಲ, ಶ್ವಾಸಕೋಶದ ತಳದವರೆಗೂ ಹೋಗುತ್ತೆ. ಅದೇ ಸಂಸ್ಥೆ 2021ರಲ್ಲಿ ತನ್ನ ಗಾಳಿಯ ಮಾರ್ಗಸೂಚಿಯನ್ನ ಬಿಗಿ ಮಾಡಿ, ನಾಕ್ಸಲ್ಲಿ ಒಂದಾದ ನೈಟ್ರೋಜನ್ ಡೈಆಕ್ಸೈಡ್ ವಾರ್ಷಿಕ ಸರಾಸರಿ ಒಂದು ಘನ ಮೀಟರಿಗೆ 40 ಮೈಕ್ರೋಗ್ರಾಂ ಇದ್ದಿದ್ದನ್ನ 10ಕ್ಕೆ ಇಳಿಸಿತು, ಪಿಎಂ 2.5, ಅಂದ್ರೆ 2.5 ಮೈಕ್ರಾನಿಗಿಂತ ಸಣ್ಣ ಕಣಗಳ ಮಿತಿಯನ್ನ 10ರಿಂದ 5ಕ್ಕೆ. ನೈಟ್ರೋಜನ್ ಡೈಆಕ್ಸೈಡ್ ಒಂದೇ ಸಲಕ್ಕೆ ನಾಲ್ಕನೇ ಒಂದು ಪಾಲಿಗೆ ಇಳಿದಿದ್ದನ್ನ ಗಮನಿಸಿ, ಇದರ ಬಗ್ಗೆ ಸುದ್ದಿಯಲ್ಲಿ ಮಾತೇ ಬರಲ್ಲ, ಎಲ್ರೂ ಪಿಎಂ ಪಿಎಂ ಅಂತಾರೆ.

ಈಗ ನಿಮಗೆ ಮೊದಲನೆಯವರು ಹೇಳಿದ ಮಾತಿಗೆ ಬರೋಣ, ಹೊಸ ಡೀಸೆಲ್ ಹೊಗೇನೇ ಬಿಡಲ್ಲ ಅನ್ನೋದು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಜ ಇದೆ, ಅದನ್ನ ಒಪ್ಕೊಳ್ಳದೆ ಎಲೆಕ್ಟ್ರಿಕ್ ಪರ ಮಾತಾಡೋರು ಸುಮ್ನೆ ತಮ್ಮ ವಾದಾನೇ ಕೆಡಿಸ್ಕೊಳ್ತಾರೆ. ಯುರೋಪಿನ ಹೊಗೆ ನಿಯಮದ ಯುರೋ 6 ಮಟ್ಟದ ಡೀಸೆಲ್ ಕಾರಿನ ಹೊಗೆ ದಾರಿಯಲ್ಲಿ ಸಾಮಾನ್ಯವಾಗಿ ಮೂರು ಸಾಮಾನು ಇರುತ್ತೆ. ಒಂದು ಅರೆಬರೆ ಉರಿದ ಇಂಧನವನ್ನ ಪೂರ್ತಿ ಸುಡೋ ಆಕ್ಸಿಡೇಷನ್ ಕ್ಯಾಟಲಿಸ್ಟ್, ಆಮೇಲೆ ಡಿಪಿಎಫ್ ಅನ್ನೋ ಮಸಿ ಫಿಲ್ಟರ್, ಮೂರನೇದು ನಾಕ್ಸನ್ನ ಒಡೆಯೋ ಎಸ್‌ಸಿಆರ್. ಡಿಪಿಎಫ್ ಅಂದ್ರೆ ಸಣ್ಣ ಸಣ್ಣ ಕೊಳವೆಗಳಿರೋ ಸೆರಾಮಿಕ್ ಗಟ್ಟಿ, ಒಂದು ಬಿಟ್ಟು ಒಂದು ಕೊಳವೆಯ ಬಾಯಿ ಮುಚ್ಚಿರುತ್ತೆ, ಹೊಗೆ ಗೋಡೆಯ ರಂಧ್ರಗಳ ಮೂಲಕಾನೇ ಹಾದು ಹೋಗ್ಬೇಕು, ಮಸಿ ಅಲ್ಲೇ ಸಿಕ್ಕಿಬೀಳುತ್ತೆ. ಸರಿಯಾಗಿದ್ರೆ ಕಣಗಳಲ್ಲಿ 95 ಪರ್ಸೆಂಟಿಗಿಂತ ಜಾಸ್ತಿ ಹಿಡಿಯುತ್ತೆ. ಯುರೋ ನಿಯಮ ಕಣಗಳ ತೂಕಕ್ಕಷ್ಟೇ ಅಲ್ಲ ಎಣಿಕೆಗೂ ಮಿತಿ ಹಾಕಿದೆ, ಕಿಲೋಮೀಟರಿಗೆ 60 ಸಾವಿರ ಕೋಟಿ ಕಣ. ಕೇಳೋಕೆ ಭಯಂಕರ ಅನ್ಸುತ್ತೆ ಆದ್ರೆ ಫಿಲ್ಟರ್ ಇಲ್ಲದ ಡೀಸೆಲ್ ಬಿಡೋದಕ್ಕೆ ಹೋಲಿಸಿದ್ರೆ ಇದು ಚಿಲ್ಲರೆ, ಫಿಲ್ಟರ್ ಕಿತ್ತುಹಾಕಿದ ಒಂದೇ ಗಾಡಿ ಹತ್ತಾರು ಹೊಸ ಗಾಡಿಗಳಷ್ಟು ಮಸಿ ಉಗುಳುತ್ತೆ. ಎಸ್‌ಸಿಆರ್‌ಗೆ ಬೇಕಾಗೋದು ಆಡ್‌ಬ್ಲೂ ಅಥವಾ ಡಿಇಎಫ್ ಅಂತ ಸಿಗೋ ದ್ರವ, 32.5 ಪರ್ಸೆಂಟ್ ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಅದು ಬಿಸಿಗೆ ಅಮೋನಿಯಾ ಆಗಿ, ಆ ಅಮೋನಿಯಾ ನಾಕ್ಸ್ ಜೊತೆ ಸೇರಿ ಕೊನೆಗೆ ನೈಟ್ರೋಜನ್ನು ನೀರು ಆಗಿ ಹೊರಗೆ ಹೋಗುತ್ತೆ.

ಆದ್ರೆ ಇಷ್ಟೂ ಸಾಮಾನು ಕೆಲಸ ಮಾಡ್ಬೇಕು ಅಂದ್ರೆ ಕಾದಿರ್ಬೇಕು. ನಿಮ್ಮ ಪ್ರಶ್ನೆಯಲ್ಲಿ 'ಸಿಟಿ ಒಳಗೇ' ಅಂತ ಬರ್ದಿದ್ದೀರಲ್ಲ, ನನ್ನ ಪ್ರಕಾರ ಇಡೀ ಪ್ರಶ್ನೆಯಲ್ಲಿ ಮುಖ್ಯವಾದ ಮಾತು ಅದೇ. ಎಸ್‌ಸಿಆರ್ ಸರಿಯಾಗಿ ಕೆಲಸ ಶುರು ಮಾಡೋಕೆ ಹೊಗೆಯ ಬಿಸಿ ಸುಮಾರು 200 ಡಿಗ್ರಿ ದಾಟ್ಬೇಕು. ಬೆಳಗ್ಗೆ ತಣ್ಣಗಿರೋ ಗಾಡಿ ಸ್ಟಾರ್ಟ್ ಮಾಡಿ ಮೂರು ಕಿಲೋಮೀಟರ್ ಹೋಗಿ ನಿಲ್ಲಿಸಿದ್ರೆ, ಅಥವಾ ಟ್ರಾಫಿಕ್ಕಲ್ಲಿ ಆಮೆ ಹಾಗೆ ತೆವಳ್ತಾ ಇದ್ರೆ, ಆ ಬಿಸಿ ಬರೋದೇ ಇಲ್ಲ, ನಾಕ್ಸ್ ಹಾಗೇ ಹೊರಗೆ ಹೋಗ್ತಾ ಇರುತ್ತೆ. ಡಿಪಿಎಫ್ ಕಥೆನೂ ಅಷ್ಟೇ, ತುಂಬಿದ ಮಸಿಯನ್ನ ಆಗಾಗ ಸುಟ್ಟು ಖಾಲಿ ಮಾಡ್ಕೋಬೇಕು, ಅದಕ್ಕೆ ರೀಜನರೇಷನ್ ಅಂತಾರೆ, ಒಳಗೆ 550-600 ಡಿಗ್ರಿ ಬೇಕು, ಗಾಡಿ ಒಂದಷ್ಟು ಹೊತ್ತು ಒಂದೇ ಸಮ ಸ್ಪೀಡಲ್ಲಿ ಓಡಿದ್ರೆ ಅದು ಸಲೀಸಾಗಿ ಆಗುತ್ತೆ. ಸಿಟಿಯಲ್ಲಿ ಅರ್ಧ ಸುಡೋಷ್ಟರಲ್ಲಿ ನೀವು ಇಂಜಿನ್ ಆಫ್ ಮಾಡ್ತೀರ. ಹೀಗೇ ಹತ್ತು ಸಲ ಆದ್ಮೇಲೆ ಡ್ಯಾಶ್‌ಬೋರ್ಡಲ್ಲಿ ಲೈಟ್ ಬರುತ್ತೆ, ಪಿಕಪ್ ಬೀಳುತ್ತೆ, ಆಮೇಲೆ ಯಾರೋ ಒಬ್ಬ ಮೆಕ್ಯಾನಿಕ್ ಹೇಳ್ತಾನೆ ಇದನ್ನ ತೆಗೆದುಹಾಕಿ ಸಾಫ್ಟ್‌ವೇರ್ ಬದಲಾಯಿಸಿಬಿಡೋಣ ಮೈಲೇಜೂ ಜಾಸ್ತಿ ಬರುತ್ತೆ ಅಂತ. ಅಲ್ಲಿಗೆ ಮುಗೀತು, ಆ ಗಾಡಿ ಕಾಗದದ ಮೇಲೆ ಮಾತ್ರ ಕ್ಲೀನು. ಡೀಸೆಲ್ ಇಂಜಿನ್ನಿಗೆ ಅತಿ ಕೆಟ್ಟ ಪರಿಸ್ಥಿತಿ ಯಾವುದೋ, ಅದೇ ಎಲೆಕ್ಟ್ರಿಕ್ ಮೋಟಾರಿಗೆ ಹೇಳಿ ಮಾಡಿಸಿದ್ದು. ನಿಂತಾಗ ಏನೂ ಖರ್ಚಿಲ್ಲ, ಬ್ರೇಕ್ ಹಾಕ್ದಾಗ ಒಂದಿಷ್ಟು ಶಕ್ತಿ ವಾಪಸ್ ಬ್ಯಾಟರಿಗೆ, ತಣ್ಣಗಿದ್ರೂ ಹೊಗೆ ಸೊನ್ನೆ.

ಇನ್ನೊಂದು ವಿಷ್ಯ, ಡೀಸೆಲ್ ಕ್ಲೀನ್ ಆಗಿದೆ ಅಂತ ಹಿಂದೆ ಒಂದ್ಸಲ ಜಗತ್ತನ್ನ ನಂಬಿಸಿದ್ದಾಗಿದೆ. 2015ರ ಸೆಪ್ಟೆಂಬರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಮೇಲೆ ಆರೋಪ ಹೊರಿಸ್ತು, ಟೆಸ್ಟ್ ನಡೀತಿದೆ ಅಂತ ಗಾಡಿಯ ಸಾಫ್ಟ್‌ವೇರೇ ಕಂಡುಹಿಡಿದು ಆ ಹೊತ್ತಲ್ಲಿ ಮಾತ್ರ ನಾಕ್ಸ್ ಕಂಟ್ರೋಲ್ ಪೂರ್ತಿ ಆನ್ ಮಾಡ್ತಾ ಇತ್ತು, ರಸ್ತೆಗಿಳಿದ ಮೇಲೆ ನಾಕ್ಸ್ ಮಿತಿಗಿಂತ 40 ಪಟ್ಟುವರೆಗೂ ಹೋಗ್ತಾ ಇತ್ತು. ಕಂಪನಿ ಒಪ್ಕೊಂಡಿತು, ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಆ ಸಾಫ್ಟ್‌ವೇರ್ ಇತ್ತು ಅಂತಾನೂ ಹೇಳ್ತು. ಇದು ಬಯಲಿಗೆ ಬಂದಿದ್ದು ಹೇಗೆ ಅನ್ನೋದು ನನಗೆ ಯಾವಾಗ್ಲೂ ಖುಷಿ ಕೊಡೋ ಭಾಗ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಒಂದು ಸಣ್ಣ ತಂಡ ಹೊಗೆ ಅಳೆಯೋ ಯಂತ್ರವನ್ನ ಡಿಕ್ಕಿಯಲ್ಲಿ ಇಟ್ಕೊಂಡು ಕಾರನ್ನ ನಿಜವಾದ ರಸ್ತೆಯಲ್ಲಿ ಓಡಿಸ್ತು ಅಷ್ಟೇ, ಲ್ಯಾಬಿನ ರೋಲರ್ ಮೇಲೆ ಸಿಗದೇ ಇದ್ದಿದ್ದು ಅಲ್ಲಿ ಸಿಕ್ತು. ಆಮೇಲೆ 2017ರಿಂದ ಯುರೋಪಲ್ಲಿ ರಸ್ತೆ ಮೇಲಿನ ಪರೀಕ್ಷೆ ಕಡ್ಡಾಯ ಆಯ್ತು. ಅದರ ನಂತರ ಬಂದ ಡೀಸೆಲ್ ಕಾರುಗಳು ನಿಜಕ್ಕೂ ಎಷ್ಟೋ ವಾಸಿ, ಅದಕ್ಕಿಂತ ಹಿಂದಿನ ಯುರೋ 5, ಮೊದಮೊದಲ ಯುರೋ 6 ಗಾಡಿಗಳ ಕಾಗದದ ನಂಬರನ್ನ ನಾನಂತೂ ನಂಬಲ್ಲ. ನಿಮ್ಮ ಹತ್ತು ವರ್ಷದ ಗಾಡಿ ಇದೇ ಗುಂಪಿನದ್ದು, ಅಥವಾ ಇನ್ನೂ ಹಿಂದಿನದ್ದು.

ಸರಿ, ಎರಡನೆಯವರ ಮಾತು. ಹೊಗೆ ಎಲ್ಲೂ ಹೋಗಲ್ಲ, ಪವರ್ ಪ್ಲಾಂಟಿಗೆ ಹೋಗುತ್ತೆ ಅನ್ನೋದು. ಕಲ್ಲಿದ್ದಲಿನ ಕರೆಂಟ್ ಆಗಿದ್ರೆ ಹೌದು, ಹೋಗುತ್ತೆ. ಆದ್ರೆ ಸಾಗಿಸೋದ್ರಲ್ಲೇ ದೊಡ್ಡ ವ್ಯತ್ಯಾಸ ಇದೆಯಲ್ಲ! ಬಸ್ ಸ್ಟಾಪಲ್ಲಿ ನಿಂತಿರೋ ಮಗುವಿನ ಮುಖದ ಎತ್ತರಕ್ಕೆ ಬಿಡೋ ಒಂದು ಗ್ರಾಂ ಮಸಿನೂ, ಊರಾಚೆ 200 ಮೀಟರ್ ಚಿಮಣಿಯಿಂದ ಬಿಡೋ ಒಂದು ಗ್ರಾಮೂ ಒಂದೇ ಅಲ್ಲ. ನೆಲಮಟ್ಟದಲ್ಲಿ, ಎರಡೂ ಕಡೆ ಕಟ್ಟಡ ಇರೋ ರಸ್ತೆಯಲ್ಲಿ ಬಿಟ್ಟ ಹೊಗೆ ಬೇಗ ಚದುರಲ್ಲ, ಅದರಲ್ಲಿ ಜನರ ಶ್ವಾಸಕೋಶ ಸೇರೋ ಪಾಲು ಎತ್ತರದ ಚಿಮಣಿಯ ಹೊಗೆಗಿಂತ ಹಲವು ಪಟ್ಟು ಜಾಸ್ತಿ. ಮತ್ತೆ ಒಂದು ದೊಡ್ಡ ಚಿಮಣಿ ಮೇಲೆ ನಿಗಾ ಇಡೋದು, ಹತ್ತು ಲಕ್ಷ ಸೈಲೆನ್ಸರುಗಳ ಮೇಲೆ ನಿಗಾ ಇಡೋದು, ಯಾವುದು ಸುಲಭ ಹೇಳಿ. ಪ್ಲಾಂಟಲ್ಲಿರೋ ಇಎಸ್‌ಪಿ ಅನ್ನೋ ವಿದ್ಯುತ್ ಬಲೆ ಹಾರುಬೂದಿಯಲ್ಲಿ 99 ಪರ್ಸೆಂಟಿಗಿಂತ ಜಾಸ್ತಿ ಹಿಡಿಯಬಲ್ಲದು, ಅದನ್ನ ನೋಡ್ಕೊಳ್ಳೋಕೆ ಅಂತಾನೇ ಅಲ್ಲಿ ಸಿಬ್ಬಂದಿ ಇರ್ತಾರೆ. ನಿಮ್ಮ ಡಿಪಿಎಫ್ ನೋಡ್ಕೊಳ್ಳೋಕೆ ಇರೋದು ನೀವೊಬ್ರೇ, ಸರ್ವಿಸಿಗೆ ಬಿಟ್ಟಾಗ ಮಾತ್ರ.

ಇಲ್ಲಿ ಎಲೆಕ್ಟ್ರಿಕ್ ಪರ ಇರೋರು ಕೇಳೋಕೆ ಇಷ್ಟಪಡದ ಒಂದು ಮಾತು ಹೇಳ್ಲೇಬೇಕು. ಬೂದಿ ಹಿಡಿಯೋ ಹಾಗೆ ಗಂಧಕದ ಹೊಗೆ ಹಿಡಿಯೋಕೆ ಬೇರೆ ಘಟಕ ಬೇಕು, ಎಫ್‌ಜಿಡಿ ಅಂತಾರೆ, ಅದಿಲ್ಲದೆ ಓಡ್ತಿರೋ ಕಲ್ಲಿದ್ದಲು ಪ್ಲಾಂಟುಗಳು ಜಗತ್ತಲ್ಲಿ ಬೇಕಾದಷ್ಟಿವೆ. ಅಂಥ ಪ್ಲಾಂಟಿನ ಸಲ್ಫರ್ ಡೈಆಕ್ಸೈಡ್ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗ್ತಾ ಹೋಗ್ತಾ ಸಲ್ಫೇಟ್ ಕಣ ಆಗುತ್ತೆ, ಅದೂ ಪಿಎಂ 2.5ನೇ. ಈಗಿನ ಡೀಸೆಲ್ಲಲ್ಲಿ ಗಂಧಕ 10 ಪಿಪಿಎಂಗೆ, ಅಂದ್ರೆ ಹತ್ತು ಲಕ್ಷದಲ್ಲಿ 10 ಪಾಲಿಗೆ ಇಳಿದಿರೋದ್ರಿಂದ ಗಂಧಕ ಒಂದರ ಲೆಕ್ಕದಲ್ಲಿ ಕಲ್ಲಿದ್ದಲಿನ ಮೇಲೆ ಓಡೋ ಎಲೆಕ್ಟ್ರಿಕ್ ಗಾಡಿನೇ ಹಿಂದೆ ಬೀಳುತ್ತೆ. ಪ್ಲಾಂಟಿನ ಪಕ್ಕದ ಹಳ್ಳಿಯವರಿಗೆ ಸಿಟಿಯ ಗಾಳಿ ಕ್ಲೀನ್ ಆಯ್ತು ಅಂತ ಹೇಳಿ ಸಮಾಧಾನ ಮಾಡೋಕಾಗಲ್ಲ. ಇದಕ್ಕೆ ಪರಿಹಾರ ಚಿಮಣಿಗೆ ಎಫ್‌ಜಿಡಿ ಹಾಕಿಸೋದು ಮತ್ತೆ ಕಲ್ಲಿದ್ದಲನ್ನೇ ಕಮ್ಮಿ ಮಾಡೋದು, ಅಷ್ಟು ಹೊತ್ತೂ ಸಿಟಿ ಜನ ಡೀಸೆಲ್ ಹೊಗೆ ಕುಡೀತಾ ಇರ್ಲಿ ಅನ್ನೋದು ಯಾವ ನ್ಯಾಯ?

ಕಾರ್ಬನ್ ಲೆಕ್ಕ ನೀವೇ ಪೆನ್ನು ಹಿಡ್ಕೊಂಡು ಮಾಡ್ಬಹುದು, ಯಾರನ್ನೂ ನಂಬೋದು ಬೇಡ. ಒಂದು ಲೀಟರ್ ಡೀಸೆಲ್ ಉರಿದ್ರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತೆ. ಲೀಟರಿಗಿಂತ ತೂಕ ಹೇಗೆ ಜಾಸ್ತಿ ಬರುತ್ತೆ ಅಂತ ಕೆಲವರು ಕೇಳ್ತಾರೆ, ಗಾಳಿಯಿಂದ ಆಮ್ಲಜನಕ ಸೇರ್ಕೊಳ್ಳುತ್ತಲ್ಲ ಅದರ ತೂಕ ಅದು. ಸಿಟಿಯಲ್ಲಿ 100 ಕಿಲೋಮೀಟರಿಗೆ 6 ಲೀಟರ್ ಅಂದ್ಕೊಂಡ್ರೆ 16 ಕಿಲೋ, ಕಚ್ಚಾ ತೈಲ ತೆಗೆದು ರಿಫೈನರಿಯಲ್ಲಿ ಸೋಸಿ ಸಾಗಿಸೋ ಖರ್ಚು ಅಂತ ಇನ್ನೊಂದು ಐದನೇ ಒಂದು ಪಾಲು ಸೇರಿಸಿ, 19 ಕಿಲೋ ಆಯ್ತು. ಅದೇ ಗಾತ್ರದ ಎಲೆಕ್ಟ್ರಿಕ್ ಕಾರಿಗೆ 100 ಕಿಲೋಮೀಟರಿಗೆ ಸುಮಾರು 16 ಯೂನಿಟ್ ಬೇಕು, ಲೈನಲ್ಲಿ ಚಾರ್ಜರಲ್ಲಿ ಸೋರಿಹೋಗೋದು ಸೇರಿ ಪ್ಲಾಂಟಲ್ಲಿ 20 ಯೂನಿಟ್ ಹುಟ್ಟಬೇಕು ಅನ್ನಿ. ಪೂರ್ತಿ ಕಲ್ಲಿದ್ದಲಾದ್ರೆ ಯೂನಿಟ್ಟಿಗೆ ಹೆಚ್ಚುಕಮ್ಮಿ ಒಂದು ಕಿಲೋ, ಅಂದ್ರೆ 20 ಕಿಲೋ, ಡೀಸೆಲ್ಲಿಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ. ಅರ್ಧ ಕಲ್ಲಿದ್ದಲು ಅರ್ಧ ನೀರು ಗಾಳಿ ಬಿಸಿಲು ಆದ್ರೆ 10 ಕಿಲೋ. ಪೂರ್ತಿ ಜಲವಿದ್ಯುತ್ತೋ ಸೋಲಾರೋ ಆದ್ರೆ ಒಂದು ಕಿಲೋ ಆಸುಪಾಸು. ಅಂದ್ರೆ 'ಎಲೆಕ್ಟ್ರಿಕ್ ಹವಾಮಾನಕ್ಕೆ ಒಳ್ಳೇದಾ' ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ನಾರ್ವೆಯಲ್ಲಿ 2024ರಲ್ಲಿ ಮಾರಾಟ ಆದ ಹೊಸ ಕಾರುಗಳಲ್ಲಿ ಸುಮಾರು 89 ಪರ್ಸೆಂಟ್ ಎಲೆಕ್ಟ್ರಿಕ್, ಅಲ್ಲಿನ ಕರೆಂಟ್ ಬಹುತೇಕ ಜಲವಿದ್ಯುತ್, ಅಲ್ಲಿಯ ಲೆಕ್ಕವನ್ನ ತಂದು ಕಲ್ಲಿದ್ದಲು ಗ್ರಿಡ್ ಇರೋ ದೇಶಕ್ಕೆ ಅಂಟಿಸೋದು ತಪ್ಪು, ಕಲ್ಲಿದ್ದಲು ದೇಶದ ಲೆಕ್ಕವನ್ನ ತಗೊಂಡು ಹೋಗಿ ನಾರ್ವೆಗೆ ಅಂಟಿಸೋದೂ ಅಷ್ಟೇ ತಪ್ಪು. ಇದರಲ್ಲಿ ಇನ್ನೊಂದು ಸಂಗತಿ ಸೇರಿಸ್ಕೊಳ್ಳಿ, ಡೀಸೆಲ್ ಕಾರು ಶೋರೂಮಿಂದ ಹೊರಗೆ ಬಂದ ದಿನ ಎಷ್ಟು ಕ್ಲೀನೋ ಅಷ್ಟೇ, ಆಮೇಲೆ ಸವೀತಾ ಸವೀತಾ ಗಲೀಜೇ ಆಗುತ್ತೆ. ಎಲೆಕ್ಟ್ರಿಕ್ ಕಾರಿಗೆ ಗ್ರಿಡ್ಡಲ್ಲಿ ಪ್ರತಿ ವರ್ಷ ಸೋಲಾರ್ ಸೇರ್ತಾ ಹೋದ್ರೆ, ನೀವು ಏನೂ ಮಾಡದೇನೇ ಅದೇ ಕಾರು ಇನ್ನೂ ಕ್ಲೀನ್ ಆಗ್ತಾ ಹೋಗುತ್ತೆ.

ಬ್ಯಾಟರಿ ಬಗ್ಗೆ. ಒಂದು ಯೂನಿಟ್ ಸಾಮರ್ಥ್ಯದ ಬ್ಯಾಟರಿ ತಯಾರಿಸೋಕೆ, ಯಾವ ಕಾರ್ಖಾನೆ ಯಾವ ಕೆಮಿಸ್ಟ್ರಿ ಅನ್ನೋದರ ಮೇಲೆ, 60 ರಿಂದ 100 ಕಿಲೋ ಕಾರ್ಬನ್ ಡೈಆಕ್ಸೈಡ್ ಹೊರಗೆ ಬರುತ್ತೆ ಅಂತ ಇಟ್ಕೊಳ್ಳಿ. ನಡುವಿನ 80 ಹಿಡಿದ್ರೆ 50 ಯೂನಿಟ್ಟಿನ ಬ್ಯಾಟರಿಗೆ 4 ಟನ್. ಮೇಲಿನ ಅರ್ಧ ಕಲ್ಲಿದ್ದಲಿನ ಲೆಕ್ಕದಲ್ಲಿ 100 ಕಿಲೋಮೀಟರಿಗೆ 9 ಕಿಲೋ ಉಳಿಯುತ್ತಲ್ಲ, ಹಾಗಾದ್ರೆ ಈ ಸಾಲ ತೀರೋಕೆ ಹತ್ತಿರ ಹತ್ತಿರ 45 ಸಾವಿರ ಕಿಲೋಮೀಟರ್ ಓಡಿಸ್ಬೇಕು, ಪೂರ್ತಿ ಕ್ಲೀನ್ ಕರೆಂಟಾದ್ರೆ ಅದರ ಅರ್ಧ, ಪೂರ್ತಿ ಕಲ್ಲಿದ್ದಲಾದ್ರೆ ಯಾವತ್ತೂ ತೀರಲ್ಲ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿಸೋರು 80 ಯೂನಿಟ್ ಬ್ಯಾಟರಿಯ ದೊಡ್ಡ ಎಸ್‌ಯುವಿ ತಗೊಂಡು ಪರಿಸರ ಉಳಿಸ್ತಿದ್ದೀನಿ ಅಂದ್ರೆ ನನಗೆ ನಗು ಬರುತ್ತೆ, ಆದ್ರೆ ನಕ್ಕಿದ್ದು ಅವರಿಗೆ ಕಾಣಬಾರದು. ಗಣಿಗಾರಿಕೆ, ಆ ಪ್ರದೇಶಗಳ ನೀರು, ಅಲ್ಲಿ ದುಡಿಯೋ ಜನ, ಇವೆಲ್ಲ ದೊಡ್ಡ ಪ್ರಶ್ನೆಗಳೇ, ನೀವು ಕೇಳಿದ್ದು ಗಾಳಿ ಬಗ್ಗೆ ಆದ್ರಿಂದ ಇಲ್ಲಿಗೆ ಬಿಡ್ತೀನಿ.

ಟೈರ್ ಧೂಳಿನ ವಾದ ಇತ್ತೀಚೆಗೆ ತುಂಬಾ ಓಡಾಡ್ತಾ ಇದೆ, ಟೈರಿಂದ ಬರೋ ಕಣ ಹೊಗೆಗಿಂತ ಸಾವಿರ ಪಟ್ಟು ಜಾಸ್ತಿ ಅಂತೆಲ್ಲ. ಈ ಥರ ಸಂಖ್ಯೆ ಬರೋದು ಹೇಗೆ ಅಂದ್ರೆ, ಟೈರ್ ಸವೆದ ಪೂರ್ತಿ ತೂಕವನ್ನ ತಗೊಂಡು, ಒಳ್ಳೆ ಫಿಲ್ಟರ್ ಇರೋ ಹೊಚ್ಚ ಹೊಸ ಕಾರಿನ ಹೊಗೆಯ ಕಣಗಳ ತೂಕದ ಜೊತೆ ಹೋಲಿಸ್ತಾರೆ. ಟೈರಿನ ಸವೆತದಲ್ಲಿ ಹೆಚ್ಚಿನ ಪಾಲು ದಪ್ಪ ಚೂರುಗಳು, ರಸ್ತೆ ಪಕ್ಕ ಬೀಳುತ್ತೆ, ಮಳೆ ಬಂದ್ರೆ ಚರಂಡಿಗೆ ಹೋಗುತ್ತೆ, ಅದು ನೀರಿಗೂ ಮಣ್ಣಿಗೂ ಕೆಟ್ಟದ್ದೇ, ಆದ್ರೆ ಗಾಳಿಯಲ್ಲಿ ತೇಲೋದು ಅದರಲ್ಲಿ ಸಣ್ಣ ಪಾಲು ಮಾತ್ರ. ಹಾಗಂತ ಇದನ್ನ ತಳ್ಳಿಹಾಕೋ ಹಾಗೂ ಇಲ್ಲ. ಬ್ಯಾಟರಿಯಿಂದಾಗಿ ಎಲೆಕ್ಟ್ರಿಕ್ ಗಾಡಿ ನೂರಾರು ಕಿಲೋ ಭಾರ ಜಾಸ್ತಿ, ಮೋಟಾರಿನ ಎಳೆತನೂ ಒಮ್ಮೆಲೇ ಬರುತ್ತೆ, ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಚಿಮ್ಮಿಸೋರ ಕೈಯಲ್ಲಿ ಟೈರ್ ಬೇಗ ಸವೆಯುತ್ತೆ. ಬ್ರೇಕಿನ ವಿಷ್ಯದಲ್ಲಿ ಉಲ್ಟಾ, ನಿಧಾನ ಮಾಡೋ ಕೆಲಸ ಬಹುಪಾಲು ಮೋಟಾರೇ ಮಾಡೋದ್ರಿಂದ ಪ್ಯಾಡುಗಳಿಗೆ ಕೆಲಸ ಕಮ್ಮಿ, ಧೂಳೂ ಕಮ್ಮಿ. ಯುರೋಪ್ 2024ರಲ್ಲಿ ಅಂಗೀಕರಿಸಿದ ಯುರೋ 7 ನಿಯಮದಲ್ಲಿ ಮೊದಲ ಸಲ ಬ್ರೇಕ್ ಧೂಳಿಗೂ ಮಿತಿ ಬಂದಿದೆ, ಪೂರ್ತಿ ಎಲೆಕ್ಟ್ರಿಕ್ ಕಾರುಗಳಿಗೆ ಕಿಲೋಮೀಟರಿಗೆ 3 ಮಿಲಿಗ್ರಾಂ, ಮಿಕ್ಕ ಕಾರುಗಳಿಗೆ 7. ಇದರಲ್ಲೇ ಗೊತ್ತಾಗುತ್ತೆ ಯಾರ ಬ್ರೇಕು ಎಷ್ಟು ಉಜ್ಜುತ್ತೆ ಅಂತ. ಟೈರ್ ಧೂಳು ಕಮ್ಮಿ ಆಗ್ಬೇಕು ಅಂದ್ರೆ ಗಾಡಿ ಹಗುರ ಆಗ್ಬೇಕು, ಡೀಸೆಲ್ ಎಸ್‌ಯುವಿ ಓಡಿಸೋರು ಈ ವಾದ ಎತ್ತಿದ್ರೆ ಅವರ ಗಾಡಿಯ ತೂಕ ಎಷ್ಟು ಅಂತ ಮೊದಲು ಕೇಳಿ.

ಸಾಮಾನ್ಯವಾಗಿ ಯಾರೂ ಹೇಳದ ಒಂದು ತೊಡಕು ಇದೆ, ಓಝೋನ್. ಆಕಾಶದ ಓಝೋನ್ ಪದರ ಅಲ್ಲ, ನಾವು ಉಸಿರಾಡೋ ಗಾಳಿಯಲ್ಲಿರೋದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಬಿಸಿಲು ಬಿದ್ದಾಗ ನಾಕ್ಸು, ಪೆಟ್ರೋಲ್ ಪೇಂಟ್ ಥರದ ವಸ್ತುಗಳ ಆವಿ ಸೇರಿ ನೆಲಮಟ್ಟದ ಓಝೋನ್ ಹುಟ್ಟುತ್ತೆ, ಆದ್ರೆ ಆಗಷ್ಟೇ ಸೈಲೆನ್ಸರಿಂದ ಬಂದ ನಾಕ್ಸಲ್ಲಿರೋ ನೈಟ್ರಿಕ್ ಆಕ್ಸೈಡ್ ಅದೇ ಓಝೋನನ್ನ ತಿಂದೂ ಹಾಕುತ್ತೆ. ಹಾಗಾಗಿ ಟ್ರಾಫಿಕ್ ಜಾಸ್ತಿ ಇರೋ ರಸ್ತೆಯಲ್ಲಿ ನಾಕ್ಸ್ ಇಳಿಸಿದಾಗ ಮೊದಮೊದಲು ಓಝೋನ್ ಸ್ವಲ್ಪ ಏರಬಹುದು. 2020ರ ಲಾಕ್‌ಡೌನ್ ಹೊತ್ತಲ್ಲಿ ಎಷ್ಟೋ ನಗರಗಳಲ್ಲಿ ನೈಟ್ರೋಜನ್ ಡೈಆಕ್ಸೈಡ್ ಧಡಕ್ಕನೆ ಬಿತ್ತು, ಕೆಲವು ಕಡೆ ಓಝೋನ್ ಏರಿತು, ಅದಕ್ಕೆ ಇದೂ ಒಂದು ಕಾರಣ. ಅದನ್ನ ತೋರಿಸಿ ವಾಹನದ ಹೊಗೆಗೂ ಮಾಲಿನ್ಯಕ್ಕೂ ಸಂಬಂಧ ಇಲ್ಲ ಅಂತ ಬರೆದೋರೂ ಇದ್ದಾರೆ. ನಾಕ್ಸ್ ಜೊತೆ ಆ ಆವಿಗಳನ್ನೂ ಇಳಿಸ್ತಾ ಹೋದ್ರೆ ಓಝೋನೂ ಇಳಿಯುತ್ತೆ, ಅಷ್ಟೇ ಅಲ್ಲ, ನಾಕ್ಸ್ ಗಾಳಿಯಲ್ಲಿರೋ ಅಮೋನಿಯಾ ಜೊತೆ ಸೇರಿ ಆಗೋ ನೈಟ್ರೇಟ್ ಕಣಗಳೂ ಕಮ್ಮಿ ಆಗುತ್ತೆ. ಅಂದ್ರೆ ನಾಕ್ಸ್ ಇಳಿದ್ರೆ ಪಿಎಂ 2.5 ಕೂಡ ಸ್ವಲ್ಪ ಇಳಿಯುತ್ತೆ, ಹೊಗೆಯಲ್ಲಿ ನೇರವಾಗಿ ಮಸಿ ಇಲ್ಲದಿದ್ರೂ.

ಇನ್ನು ಯಾವ ಗಾಡಿ ಮೊದಲು ಬದಲಾಗ್ಬೇಕು ಅನ್ನೋದು, ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ದಿನಕ್ಕೆ 200 ಕಿಲೋಮೀಟರ್, ಸಿಟಿ ಒಳಗೇ, ನಿಂತು ನಿಂತು ಓಡೋ ಬಸ್ಸು, ಡೆಲಿವರಿ ವ್ಯಾನು, ಕಸದ ಲಾರಿ, ಇವು ಮೊದಲು. ರಸ್ತೆಯಲ್ಲಿ ಎಣಿಸಿದ್ರೆ ಇವು ಕಮ್ಮಿ, ಆದ್ರೆ ಮಸಿ ಮತ್ತೆ ನಾಕ್ಸಲ್ಲಿ ಇವುಗಳ ಪಾಲು ಎಣಿಕೆಗಿಂತ ಬಹಳ ಜಾಸ್ತಿ. ಚೀನಾದ ಶೆನ್‌ಜೆನ್ ನಗರ 2017ರ ಕೊನೆ ಹೊತ್ತಿಗೆ ತನ್ನ ಸುಮಾರು 16 ಸಾವಿರ ಬಸ್ಸುಗಳನ್ನ ಪೂರ್ತಿ ಎಲೆಕ್ಟ್ರಿಕ್ ಮಾಡ್ಕೊಂಡ್ತು, ಆಗಿನ ಬ್ಯಾಟರಿಗಳು ಈಗಿನಷ್ಟು ಚೆನ್ನಾಗೂ ಇರ್ಲಿಲ್ಲ. ದಿನಾ ರಾತ್ರಿ ಒಂದೇ ಡಿಪೋಗೆ ವಾಪಸ್ ಬರೋ ಗಾಡಿಗೆ ಚಾರ್ಜಿಂಗ್ ಚಿಂತೆ ಇಲ್ಲ, ರೂಟ್ ಗೊತ್ತಿರುತ್ತೆ, ರೇಂಜ್ ಭಯ ಇಲ್ಲ. ಅದೇ ಸಾವಿರ ಕಿಲೋಮೀಟರ್ ಒಂದೇ ಸಮ ಓಡೋ ಭಾರದ ಲಾರಿಗೆ ಇವತ್ತಿಗೂ ಫಿಲ್ಟರ್ ಎಸ್‌ಸಿಆರ್ ಎರಡೂ ಸರಿ ಇರೋ ಹೊಸ ಡೀಸೆಲ್ ಕೆಟ್ಟ ಆಯ್ಕೆ ಏನಲ್ಲ, ಅಲ್ಲಿ ಹೊಗೆ ಬಿಸಿ ಇರುತ್ತೆ, ಡಿಪಿಎಫ್ ತನ್ನಷ್ಟಕ್ಕೆ ಸುಟ್ಕೊಳ್ಳುತ್ತೆ. ಅಂಥ ರೂಟಲ್ಲಿ ಮೂವತ್ತು ವರ್ಷದ ಹಳೇ ಲಾರಿಯನ್ನ ರಸ್ತೆಯಿಂದ ತೆಗೆದು ಹೊಸ ಡೀಸೆಲ್ ಹಾಕಿದ್ರೂ ಗಾಳಿಗೆ ದೊಡ್ಡ ಉಪಕಾರಾನೇ. ಎಲೆಕ್ಟ್ರಿಕ್ ಬರೋವರೆಗೂ ಏನೂ ಮಾಡಲ್ಲ ಅಂತ ಹಠ ಹಿಡಿಯೋರು ಹಳೇ ಹೊಗೆಯ ಪರ ನಿಂತ ಹಾಗೆ ಆಗುತ್ತೆ.

ನಿಮ್ಮ ಗಾಡಿಗೆ ಬರೋಣ. ಹತ್ತು ವರ್ಷ ಹಳೇದು, ಡೀಸೆಲ್, ಸಿಟಿ ಓಡಾಟ, ಅಂದ್ರೆ ಡೀಸೆಲ್ಲನ್ನ ಎಲ್ಲಿ ಓಡಿಸಬಾರದೋ ಅಲ್ಲೇ ಓಡಿಸ್ತಾ ಇದ್ದೀರ. ದಿನಾ ಓಡಿಸ್ತೀರಿ, ಚಾರ್ಜ್ ಹಾಕೋಕೆ ಜಾಗ ಇದೆ ಅನ್ನೋದಾದ್ರೆ ಬದಲಾಯಿಸಿ, ಎಲೆಕ್ಟ್ರಿಕ್ಕಿಗೆ ಹೋಗಿ, ನಿಮ್ಮ ದಿನದ ಓಡಾಟಕ್ಕೆ ಸಾಕಾಗೋ ಚಿಕ್ಕ ಬ್ಯಾಟರಿಯದ್ದನ್ನೇ ನೋಡಿ, ವರ್ಷಕ್ಕೆ ಒಂದೆರಡು ಸಲ ಹೋಗೋ ದೂರದ ಪ್ರಯಾಣಕ್ಕೆ ಅಂತ ವರ್ಷವಿಡೀ ಭಾರ ಹೊತ್ಕೊಂಡು ತಿರುಗೋದು ಬೇಡ. ಹೊಸ ಡೀಸೆಲ್ ತಗೊಳ್ಳೋದು ನಿಮ್ಮಂಥ ಓಡಾಟಕ್ಕೆ ನಾನು ಹೇಳೋದೇ ಇಲ್ಲ, ಡಿಪಿಎಫ್ ತುಂಬಿ ಎರಡು ವರ್ಷದಲ್ಲಿ ನೀವೇ ಬೈಕೊಳ್ತೀರ. ವಾರಕ್ಕೊಂದು ದಿನ ಮಾತ್ರ ತೆಗೆಯೋದಾದ್ರೆ ಲೆಕ್ಕ ಬದಲಾಗುತ್ತೆ, ಆಗ ಹೊಸ ಗಾಡಿ ಅನ್ನೋದನ್ನೇ ಬಿಟ್ಟು ಬಸ್ಸೋ ಬಾಡಿಗೆ ಗಾಡಿನೋ ನೋಡಿ, ತಯಾರೇ ಆಗದ ಕಾರಿನಷ್ಟು ಕ್ಲೀನ್ ಕಾರ್ ಬೇರೆ ಇಲ್ಲ.

ಸದ್ಯಕ್ಕೆ ಬದಲಾಯಿಸೋಕಾಗಲ್ಲ ಅಂದ್ರೂ ಕೆಲವು ಕೆಲಸ ಕೈಯಲ್ಲೇ ಇದೆ. ಗಾಡಿಯಲ್ಲಿ ಡಿಪಿಎಫ್ ಇದ್ರೆ ಅದು ಒಳಗಡೆ ನಿಜವಾಗ್ಲೂ ಇದೆಯಾ ಅಂತ ನೋಡಿಸಿ, ವಿಶೇಷವಾಗಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ರೆ. ಸುಲಭದ ಗುರುತು, ಸೈಲೆನ್ಸರ್ ಪೈಪಿನ ಒಳಬದಿಗೆ ಬಿಳಿ ಬಟ್ಟೆ ಹಾಕಿ ಒರೆಸಿ, ಫಿಲ್ಟರ್ ಸರಿ ಇದ್ರೆ ಬಟ್ಟೆ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಕಪ್ಪು ಮಸಿ ದಪ್ಪಗೆ ಬಂತು ಅಂದ್ರೆ ಒಡೆದಿದೆ ಇಲ್ಲಾ ಯಾರೋ ತೆಗೆದುಹಾಕಿದ್ದಾರೆ. ಡ್ಯಾಶ್‌ಬೋರ್ಡಲ್ಲಿ ಡಿಪಿಎಫ್ ಲೈಟ್ ಬಂದ ತಕ್ಷಣ ಹೈವೇಗೆ ತಗೊಂಡು ಹೋಗಿ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸಿ. ಯೂರಿಯಾ ದ್ರವದ ಟ್ಯಾಂಕ್ ಇದ್ರೆ ಅದಕ್ಕೆ ನೀರು ಬೆರೆಸೋ ಉಪಾಯ ಬೇಡ. ನಿಂತಾಗ ಇಂಜಿನ್ ಆಫ್ ಮಾಡಿ, ಅದರಲ್ಲೂ ಸ್ಕೂಲ್ ಮುಂದೆ. ಮತ್ತೆ ಎಲೆಕ್ಟ್ರಿಕ್ ತಗೊಂಡಾಗ ಈ ಹಳೇದನ್ನ ಏನ್ ಮಾಡ್ತೀರಿ ಅನ್ನೋದನ್ನ ಈಗ್ಲೇ ಯೋಚ್ನೆ ಮಾಡಿ, ಅದೇ ಊರಲ್ಲಿ ಇನ್ನೊಬ್ರಿಗೆ ಮಾರಿದ್ರೆ ಹೊಗೆ ಬಿಡೋ ಗಾಡಿ ಒಂದೂ ಕಮ್ಮಿ ಆಗ್ಲಿಲ್ಲ, ರಸ್ತೆಗೆ ಒಂದು ಗಾಡಿ ಜಾಸ್ತಿ ಆಯ್ತು ಅಷ್ಟೇ. ಫಿಲ್ಟರ್ ಇಲ್ಲದ ಹಳೇ ಮಾಡೆಲ್ ಆಗಿದ್ರೆ ಅಧಿಕೃತ ಸ್ಕ್ರ್ಯಾಪಿಗೆ ಕೊಡಿ, ಫಿಲ್ಟರ್ ಸರಿ ಇರೋದಾದ್ರೆ ಹೈವೇ ಓಡಾಟ ಜಾಸ್ತಿ ಇರೋರಿಗೆ ಮಾರಿ, ಅವರ ಕೈಯಲ್ಲಿ ಅದು ನಿಮ್ಮ ಕೈಯಲ್ಲಿ ಬಿಟ್ಟಷ್ಟು ಹೊಗೆ ಬಿಡಲ್ಲ.